ಬೆಟ್ಟದ ದಾರಿಯ ವೆಲೋಸಿಯೋ

ಏರುದಾರಿಯಲ್ಲಿ ಬೈಸಿಕಲ್ ತುಳಿದವರೆಲ್ಲರಿಗೂ ಒಂದು ಅನುಭವ ಸಮಾನವಾದುದು. ಸಮನೆಲದಲ್ಲಿ ಹಗುರವಾಗಿ ಓಡುತ್ತಿದ್ದ ಗಾಡಿಯು ದಾರಿ ತುಸು ತಲೆಯೆತ್ತಿದೊಡನೆಯೇ ಭಾರವಾಗತೊಡಗುತ್ತದೆ. ಇನ್ನು ನಾಲ್ಕು ಮಾರು ಏರುವಷ್ಟರಲ್ಲಿ ಪೆಡಲು ಕಾಲಿನ ಮಾತು ಕೇಳದಾಗುತ್ತದೆ. ಸವಾರನು ಕೆಳಗಿಳಿದು, ತನ್ನನ್ನು ಹೊತ್ತು ನಡೆಯಬೇಕಾಗಿದ್ದ ವಾಹನವನ್ನು ತಾನೇ ತಳ್ಳಿಕೊಂಡು ನಡೆಯುತ್ತಾನೆ. ಇದರಲ್ಲಿ ನಾಚಿಕೊಳ್ಳುವಂಥದು ಏನೂ ಇಲ್ಲ. ಆದರೂ ಹಾಗೆ ತಳ್ಳುತ್ತ ನಡೆಯುವವನ ಮುಖದಲ್ಲಿ ಒಂದು ಬಗೆಯ ಸೋಲಿನ ಕಳೆ ಇದ್ದೇ ಇರುತ್ತದೆ. ಆ ಸೋಲು ಕಾಲಿನದಲ್ಲ, ಯಂತ್ರದ್ದು ಎಂಬುದನ್ನು ಮನಗಂಡು, ಬಾಳಿನ ನಾಲ್ಕು ದಶಕಗಳನ್ನು ಆ ಒಂದು ಮಾತನ್ನು ಲೋಕಕ್ಕೆ ತಿಳಿಯಹೇಳುವುದರಲ್ಲಿಯೇ ಕಳೆದವನು ಫ್ರಾನ್ಸ್ ದೇಶದ ಪಾಲ್ ದ ವಿವಿ. ಸೈಕಲ್ ಸವಾರರ ಲೋಕದಲ್ಲಿ ಆತನು ವೆಲೋಸಿಯೋ ಎಂಬ ತನ್ನ ಕಾವ್ಯನಾಮದಿಂದಲೇ ಪ್ರಸಿದ್ಧ. ಕಾವ್ಯನಾಮವೆಂದೆ, ಆತನು ಬರೆದುದು ಕಾವ್ಯವಲ್ಲ, ಗದ್ಯ, ಅದೂ ಹಲ್ಲುಚಕ್ರ ಮತ್ತು ಸರಪಳಿಗಳನ್ನು ಕುರಿತ ಗದ್ಯ.

ಇಂದು ಬೆಟ್ಟಗಾಡಿನಲ್ಲಿ ಓಡಿಸುವುದಕ್ಕೆಂದೇ ತಯಾರಾಗುವ ಮೌಂಟನ್ ಬೈಕುಗಳ ವಿಷಯದಲ್ಲಿ ಬಲ್ಲವರ ನಡುವೆ ಒಂದು ವಾದ ನಡೆದಿದೆ. ಹಿಂಚಕ್ರದ ಪಕ್ಕದಲ್ಲಿ ತೂಗುಬಿದ್ದು, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್ ಎಂಬ ಸಾಧನವೇ ಇರಲಿ ಎನ್ನುವವರು ಕೆಲವರು. ಅದನ್ನು ಕಿತ್ತುಹಾಕಿ, ಮೋಟಾರು ಗಾಡಿಗಳಲ್ಲಿರುವಂತೆ ಹಲ್ಲುಚಕ್ರಗಳನ್ನೆಲ್ಲ ಎಣ್ಣೆ ತುಂಬಿದ ಮುಚ್ಚಿದ ಪೆಟ್ಟಿಗೆಯೊಂದರಲ್ಲಿಟ್ಟು, ಆ ಗೇರ್‌ಬಾಕ್ಸನ್ನು ಪೆಡಲುಗಳ ಬುಡದಲ್ಲಿಯೇ ಕೂಡಿಸಬೇಕು ಎನ್ನುವವರು ಇನ್ನು ಕೆಲವರು. ವಾದ ಹೊಸದೆಂದು ತೋರುತ್ತದೆ. ಅದರ ಬೇರನ್ನು ಹುಡುಕುತ್ತ ಹೋದರೆ ನಾವು ಬಂದು ನಿಲ್ಲುವುದು ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಒಂದು ಬೆಟ್ಟದ ದಾರಿಯಲ್ಲಿ. ಅಲ್ಲಿ ಏದುಸಿರು ಬಿಡುತ್ತ ಪೆಡಲು ತುಳಿಯುತ್ತಿರುವವನೇ ನಮ್ಮ ಕಥಾನಾಯಕ.

ಪಾಲ್ ದ ವಿವಿ ಹುಟ್ಟಿದುದು 1853ರ ಏಪ್ರಿಲ್ 29ರಂದು, ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಸೀಮೆಯ ಪೆರ್ನ್ ಎಂಬ ಊರಿನಲ್ಲಿ. ಆ ಸೀಮೆಗೆಲ್ಲ ಹಿರಿಯನಂತೆ ನಿಂತಿರುವುದು ಮೋಂ ವಾಂತೂ ಪರ್ವತ. ಇಟಲಿಯ ಕವಿ ಪೆಟ್ರಾರ್ಕನು 1336ರಲ್ಲಿ ಆ ಬೆಟ್ಟವನ್ನು ಏರಿ, ಏರಿದ ಅನುಭವವನ್ನು ಪತ್ರರೂಪದಲ್ಲಿ ಬರೆದಿಟ್ಟಿದ್ದಾನೆ. ಬೇರೆ ಕಾರ್ಯವಿಲ್ಲದೆ, ಬೆಟ್ಟವನ್ನು ನೋಡಬೇಕೆಂಬ ಆಸೆಯೊಂದರಿಂದಲೇ ಬೆಟ್ಟವೇರಿದವರ ಸಾಲಿನಲ್ಲಿ ಪೆಟ್ರಾರ್ಕನನ್ನು ಮೊದಲಿಗನೆಂದು ಎಣಿಸುವ ವಾಡಿಕೆ ಯೂರೋಪಿನಲ್ಲಿ ಉಂಟು. ಆ ಬೆಟ್ಟದ ನೆರಳಿನಲ್ಲಿ ಹುಟ್ಟಿದ ಹುಡುಗನು ಮುಂದೆ ಬೆಟ್ಟದ ಏರುದಾರಿಗಳನ್ನೇ ಬಾಳಿನ ವ್ಯಾಸಂಗವಾಗಿ ಮಾಡಿಕೊಂಡುದು ಕೇವಲ ಆಕಸ್ಮಿಕವಿರಬಹುದು. ಆದರೂ ನೆನೆಯುವುದಕ್ಕೆ ಹಿತವಾದ ಆಕಸ್ಮಿಕ.

ಗ್ರೀಕ್ ಲ್ಯಾಟಿನ್ ಭಾಷೆಗಳ ಶಿಕ್ಷಣ ಪಡೆದ ವಿವಿಯು ಹೊಟ್ಟೆಪಾಡಿಗೆ ಹಿಡಿದುದು ರೇಷ್ಮೆಯ ವ್ಯಾಪಾರವನ್ನು. ವ್ಯಾಪಾರದ ಮೂಲಕ ನೆಲೆಸಿದ ಊರು ಸೇಂತ್-ಎತಿಯೆನ್. ಅದು ಕಲ್ಲಿದ್ದಲು, ಬಂದೂಕು ಮತ್ತು ರೇಷ್ಮೆಯ ರಿಬ್ಬನ್ನುಗಳ ಊರು. ಬಂದೂಕಿನ ನಳಿಗೆಯನ್ನು ಕೊರೆದು ಪಳಗಿದ ಕೈಗಳಿಗೆ ಸೈಕಲಿನ ಕೊಳವೆಗಳನ್ನು ಬೆಸೆಯುವುದು ಕಷ್ಟವಾಗಲಿಲ್ಲ. 1886ರಲ್ಲಿ ಗೋತಿಯೇ ಸಹೋದರರು ಆ ಊರಿನಲ್ಲಿಯೇ ಬೈಸಿಕಲ್ಲನ್ನು ತಯಾರಿಸಿದರು. ಫ್ರಾನ್ಸಿನಲ್ಲಿ ತಯಾರಾದ ಮೊದಲ ಬೈಸಿಕಲ್ಲು ಅದೇ ಎಂಬ ಹೆಮ್ಮೆ ಊರಿನವರಿಗಿದೆ. ಊರಿನ ದಕ್ಷಿಣಕ್ಕೆ ಪಿಲಾ ಪರ್ವತಶ್ರೇಣಿ. ಮನೆಯಿಂದ ಹೊರಟ ಸವಾರನಿಗೆ ಸಮನೆಲ ಮುಗಿಯುವುದಕ್ಕೆ ಹೆಚ್ಚು ಹೊತ್ತು ಬೇಡ. ಕಾರ್ಖಾನೆಯೊಂದು ಕಡೆ, ಬೆಟ್ಟವೊಂದು ಕಡೆ; ಗೇರಿನ ಚರಿತ್ರೆ ಬೇರಾವ ಊರಿನಲ್ಲಿ ಮೊದಲಾದೀತು?

1881ರ ಸುಮಾರಿಗೆ, ತನ್ನ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ವಿವಿಯು ಮೊದಲ ಸೈಕಲ್ಲನ್ನು ಕೊಂಡನು. ಅದು ಆ ಕಾಲದ ಎತ್ತರದ ಮುಂಚಕ್ರದ ಗಾಡಿ. ಪೆಡಲುಗಳು ಮುಂಚಕ್ರಕ್ಕೇ ನೇರವಾಗಿ ಜೋಡಿಸಿದಂಥವು. ಗೆಳೆಯನೊಬ್ಬನು ಪಣವೊಡ್ಡಿದನಂತೆ: ನೂರು ಕಿಲೋಮೀಟರ್ ದಾರಿಯನ್ನು ಆರು ಗಂಟೆಗಳಲ್ಲಿ ಕ್ರಮಿಸಬಲ್ಲೆಯಾ ಎಂದು. ವಿವಿಯು ಬೆಟ್ಟಗಳ ನಡುವಣ ಲಾ ಶೇಜ್-ದ್ಯೂ ಎಂಬ ಊರಿನತ್ತ ಹೊರಟು ಪಣವನ್ನು ಗೆದ್ದನೆಂದು ಆತನ ಜೀವನಕಥೆಯನ್ನು ಬರೆದವರು ಹೇಳುತ್ತಾರೆ. ಪಣದ ಹಣ ಎಷ್ಟೋ ಏನೋ. ಅಂದು ಆತನಿಗೆ ದೊರೆತುದು ಬೇರೆಯೇ ಒಂದು ಸಂಪತ್ತು. ಮನುಷ್ಯನು ಕುದುರೆಯ ಹಂಗಿಲ್ಲದೆ, ರೈಲಿನ ಹಂಗಿಲ್ಲದೆ, ತನ್ನ ಕಾಲುಗಳಿಂದಲೇ ಒಂದು ಹಗಲಿನಲ್ಲಿ ಇಡಿಯ ಸೀಮೆಯನ್ನು ನೋಡಿಬರಬಹುದೆಂಬ ಅರಿವು ಅದು.

ಅರಿವು ಗಟ್ಟಿಯಾದಂತೆ ರೇಷ್ಮೆಯ ನಂಟು ಸಡಿಲವಾಯಿತು. 1887ರಲ್ಲಿ ಆತನು ವ್ಯಾಪಾರವನ್ನು ಬದಿಗಿಟ್ಟು ಸೇಂತ್-ಎತಿಯೆನ್ನಿನಲ್ಲಿ ಸೈಕಲ್ ಅಂಗಡಿಯನ್ನು ತೆರೆದನು. ಬೈಸಿಕಲ್ ಉದ್ಯಮದ ತವರಾಗಿದ್ದ ಇಂಗ್ಲೆಂಡಿನ ಕೊವೆಂಟ್ರಿಯಿಂದ ಗಾಡಿಗಳನ್ನು ತರಿಸಿ ಮಾರಿದನು. ಅದೇ ವರ್ಷ ಮಾಸಪತ್ರಿಕೆಯೊಂದನ್ನೂ ಹೊರಡಿಸಿದನು. ಮರುವರ್ಷದಿಂದ ಅದರ ಹೆಸರು ಲ ಸಿಕ್ಲಿಸ್ತ್, ಎಂದರೆ ಸೈಕಲ್ ಸವಾರ, ಎಂದಷ್ಟೇ ಆಯಿತು. ಅಂಗಡಿಕಾರನು ಪತ್ರಿಕೆ ತೆಗೆದರೆ ಅದು ಅಂಗಡಿಯ ಜಾಹೀರಾತಾಗಿ ಮುಗಿಯುವುದೇ ಲೋಕರೂಢಿ. ಇಲ್ಲಿ ನಡೆದುದು ಅದಕ್ಕೆ ವಿರುದ್ಧ. ಪತ್ರಿಕೆಯೇ ಆತನ ನಿಜವಾದ ಕಸುಬಾಯಿತು. ಅಂಗಡಿಯು ಪತ್ರಿಕೆಗೆ ಬೇಕಾದ ಪ್ರಯೋಗಶಾಲೆಯಾಯಿತು. ದಾರಿಯಲ್ಲಿ ಕಂಡುದು, ತುಳಿದು ಪರೀಕ್ಷಿಸಿದುದು, ಮುರಿದುದು, ಓದುಗರು ಬರೆದು ತಿಳಿಸಿದುದು, ಎಲ್ಲವೂ ಅದರಲ್ಲಿ ವೆಲೋಸಿಯೋ ಎಂಬ ಅಂಕಿತದಡಿ ಅಚ್ಚಾಗುತ್ತಿದ್ದವು.

ಇನ್ನು ಆ ಬೆಟ್ಟದ ದಾರಿಯ ಪ್ರಸಂಗ. ಸೇಂತ್-ಎತಿಯೆನ್ನಿನಿಂದ ದಕ್ಷಿಣಕ್ಕೆ ಹೋಗುವ ಹೆದ್ದಾರಿಯು ಪಿಲಾ ಶ್ರೇಣಿಯನ್ನು ದಾಟುವ ಕಣಿವೆಬಾಯಿಗೆ ಕೋಲ್ ದ ಲಾ ರಿಪಬ್ಲಿಕ್ ಎಂದು ಹೆಸರು. ದಟ್ಟವಾದ ಕಾಡಿನ ನಡುವೆ ಇರುವುದರಿಂದ ಗ್ರಾಂ ಬ್ವಾ, ಎಂದರೆ ಹೆಗ್ಗಾಡು, ಎಂದೂ ಕರೆಯುತ್ತಾರೆ. ಅದರ ಎತ್ತರ 1161 ಮೀಟರ್. 1889ರಲ್ಲಿ ಒಂದು ದಿನ ವೆಲೋಸಿಯೋ ತನ್ನ ಒಂದೇ ಗೇರಿನ ಗಾಡಿಯಲ್ಲಿ ಮೈಯೆಲ್ಲ ಬೆವರಾಗಿ ಆ ದಾರಿಯನ್ನು ಏರುತ್ತಿದ್ದಾಗ ಹಿಂದಿನಿಂದ ಇನ್ನೊಬ್ಬ ಸವಾರನು ಬಂದನು. ಪತ್ರಿಕೆಯ ಓದುಗರಲ್ಲಿ ಒಬ್ಬ. ಆತನ ಬಾಯಲ್ಲಿ ಹೊಗೆಯಾಡುತ್ತಿರುವ ಚಿಲುಮೆ. ಅವಸರವಿಲ್ಲ, ಏದುಸಿರಿಲ್ಲ. ಸಂಪಾದಕರನ್ನು ಹಿಂದೆ ಹಾಕಿ, ಹೊಗೆ ಬಿಡುತ್ತ, ತಿರುವಿನಲ್ಲಿ ಮರೆಯಾದನು. ಸೈಕಲ್ ಸವಾರರು ಹೇಳಿಕೊಂಡು ಬಂದಿರುವ ಕಥೆಯಿದು; ಹೇಳುತ್ತ ಹೇಳುತ್ತ ಚಿಲುಮೆಯ ಹೊಗೆ ಸ್ವಲ್ಪ ಹೆಚ್ಚಾಗಿರಲೂಬಹುದು. ಆದರೆ ತಿರುಳು ಸಂಶಯಕ್ಕೆ ಎಡೆಯಿಲ್ಲದ್ದು. ಆ ಓದುಗನ ಕಾಲು ಸಂಪಾದಕನ ಕಾಲಿಗಿಂತ ಬಲವಾಗಿರಲಿಲ್ಲ. ಅವನ ಗಾಡಿಯ ಗೇರು ಚಿಕ್ಕದಾಗಿದ್ದಿತು, ಅಷ್ಟೆ.

ಗೇರು ಚಿಕ್ಕದೆಂದರೇನು? ಪೆಡಲಿನ ಬಳಿಯ ಹಲ್ಲುಚಕ್ರಕ್ಕೆ 48 ಹಲ್ಲುಗಳೂ ಹಿಂಚಕ್ರದ ನಡುವಿನದಕ್ಕೆ 16 ಹಲ್ಲುಗಳೂ ಇವೆಯೆಂದು ಇಟ್ಟುಕೊಳ್ಳೋಣ. ಪೆಡಲು ಒಂದು ಸುತ್ತು ತಿರುಗಿದರೆ ಹಿಂಚಕ್ರ ಮೂರು ಸುತ್ತು ತಿರುಗುತ್ತದೆ. ಚಕ್ರದ ಸುತ್ತಳತೆ ಸುಮಾರು 2.1 ಮೀಟರ್ ಆದರೆ ಗಾಡಿಯು ಒಂದು ತುಳಿತಕ್ಕೆ 6.3 ಮೀಟರ್ ಮುಂದೆ ಹೋಗುತ್ತದೆ. ಸಮನೆಲಕ್ಕೆ ಇದು ತಕ್ಕುದು. ಎರಡು ಕಡೆಯೂ 24 ಹಲ್ಲುಗಳಿದ್ದರೆ ಒಂದು ಸುತ್ತಿಗೆ ಒಂದೇ ಸುತ್ತು, ದೂರ 2.1 ಮೀಟರ್ ಮಾತ್ರ. ಆದರೆ ಕಾಲಿನ ಮೇಲಿನ ಒತ್ತಡವೂ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಬೆಟ್ಟವೇರುವುದಕ್ಕೆ ಬೇಕಾದ ಒಟ್ಟು ಕೆಲಸವನ್ನು ಯಾವ ಯಂತ್ರವೂ ಕಡಿಮೆ ಮಾಡಲಾರದು. ಅದನ್ನು ಸಣ್ಣ ಸಣ್ಣ ತುತ್ತುಗಳಾಗಿ ಮಾಡಿ ಕಾಲಿಗೆ ಉಣಿಸುವುದಷ್ಟೇ ಗೇರಿನ ಕೆಲಸ. ಹೊರೆಯನ್ನು ಒಮ್ಮೆಗೇ ಹೊರಲಾರದವನು ಮೂರು ಸಲ ನಡೆದು ಸಾಗಿಸುವಂತೆ.

ಚಿಲುಮೆಯವನ ಗಾಡಿಯಲ್ಲಿಯೂ ಒಂದೇ ಗೇರು. ಬೆಟ್ಟದಲ್ಲಿ ಗೆದ್ದವನು ಸಮನೆಲದಲ್ಲಿ ಹಿಂದೆ ಬೀಳಲೇಬೇಕು. ಹಾಗಾದರೆ ಒಂದೇ ಗಾಡಿಯಲ್ಲಿ ಎರಡು ಗೇರುಗಳಿದ್ದರೆ? ವೆಲೋಸಿಯೋ ಪೆಡಲಿನ ಬಳಿ ಎರಡು ಹಲ್ಲುಚಕ್ರಗಳನ್ನು ಅಕ್ಕಪಕ್ಕದಲ್ಲಿ ಕೂಡಿಸಿದನು. ಬೆಟ್ಟದ ಬುಡದಲ್ಲಿ ಇಳಿದು ಚೈನನ್ನು ಕೈಯಿಂದಲೇ ಚಿಕ್ಕದಕ್ಕೆ ಎತ್ತಿಹಾಕುವುದು. ನೆತ್ತಿಯಲ್ಲಿ ಮತ್ತೆ ಇಳಿದು ದೊಡ್ಡದಕ್ಕೆ. ಆಮೇಲೆ ಗಾಡಿಯ ಎಡಗಡೆಯಲ್ಲಿಯೂ ಎರಡನ್ನು ಕೂಡಿಸಿ ನಾಲ್ಕು ಗೇರುಗಳನ್ನು ಮಾಡಿದನು. ಕೈಯೆಲ್ಲ ಮಸಿ, ಎಣ್ಣೆ. ಮುಂಜಾನೆ ಗ್ರೀಕ್ ಗ್ರಂಥಗಳನ್ನು ಓದುವ ಅಭ್ಯಾಸವಿದ್ದ ಮನುಷ್ಯ ಮಧ್ಯಾಹ್ನ ದಾರಿಯ ಬದಿಯಲ್ಲಿ ಕುಳಿತು ಚೈನನ್ನು ಎತ್ತಿಹಾಕುತ್ತಿರುವ ಚಿತ್ರ ನನಗೆ ಬಹಳ ಪ್ರಿಯವಾದುದು. ವಿದ್ವತ್ತೂ ಕೈಕೆಲಸವೂ ಒಬ್ಬನಲ್ಲಿಯೇ ಕೂಡಿರುವುದು ನಮ್ಮ ಕಾಲೇಜುಗಳಲ್ಲಿ ಅಷ್ಟಾಗಿ ಕಾಣಸಿಗದ ನೋಟ.

ಅಲ್ಲಿಂದ ಮುಂದಕ್ಕೆ ಆತನ ಬಾಳು ಪ್ರಯೋಗಗಳ ಸರಣಿ. ಇಂಗ್ಲೆಂಡಿನ ವಿಪೆಟ್ ಎಂಬ ಗಾಡಿಯಲ್ಲಿ ಪೆಡಲಿನ ಹಲ್ಲುಚಕ್ರವೇ ಎರಡು ಹೋಳು. ಪೆಡಲನ್ನು ಹಿಂದಕ್ಕೆ ತುಳಿದರೆ ಹೋಳುಗಳು ಅಗಲುತ್ತಲೋ ಕೂಡುತ್ತಲೋ ಚಕ್ರದ ಅಳತೆಯೇ ಬದಲಾಗುತ್ತಿದ್ದಿತು. ಅದನ್ನು ತರಿಸಿ ಪರಿಶೀಲಿಸಿದನು. ಸೇಂತ್-ಎತಿಯೆನ್ನಿನ ದೊಡ್ಡ ಕಾರ್ಖಾನೆಯೊಂದು ಇರೋಂದೆಲ್ ಎಂಬ ಹೆಸರಿನಲ್ಲಿ ತಯಾರಿಸಿದ ಗಾಡಿಯದು ಇನ್ನೂ ವಿಚಿತ್ರ. ಮುಂದಕ್ಕೆ ತುಳಿದರೆ ಸಮನೆಲದ ಗೇರು. ಹಿಂದಕ್ಕೆ ತುಳಿದರೆ ಬೆಟ್ಟದ ಗೇರು. ಗಾಡಿಯು ಮಾತ್ರ ಎರಡರಲ್ಲಿಯೂ ಮುಂದಕ್ಕೇ ಹೋಗುತ್ತಿದ್ದಿತು. ಚೈನು ಎರಡು, ಹಲ್ಲುಚಕ್ರ ಮೂರು, ನಾಲ್ಕು. ಯಾವುದನ್ನೂ ಆ ಊರಿನವರು ಬಿಡಲಿಲ್ಲ. ಕೊನೆಗೆ ಗೆದ್ದು ನಿಂತುದು, ಓಡುತ್ತಿರುವ ಚೈನನ್ನು ಪಕ್ಕಕ್ಕೆ ತಳ್ಳಿ ಒಂದು ಹಲ್ಲುಚಕ್ರದಿಂದ ಜಾರಿಸಿ ಇನ್ನೊಂದರ ಮೇಲೆ ಬೀಳಿಸುವ ಉಪಾಯ. ಡಿರೇಲರ್ ಎಂಬ ಫ್ರೆಂಚ್ ಮಾತಿಗೆ ಹಳಿ ತಪ್ಪಿಸುವುದು ಎಂದೇ ಅರ್ಥ. ರೈಲಿನಲ್ಲಿ ಅಪರಾಧವಾದುದು ಸೈಕಲಿನಲ್ಲಿ ಉಪಕಾರವಾಯಿತು. ವೆಲೋಸಿಯೋವಿನ ಬಳಗದಲ್ಲಿಯೇ ಬೆಳೆದ ಝೊಆನಿ ಪಾನೆಲ್ ಎಂಬಾತನು ಶೆಮಿನೋ ಎಂಬ ಹೆಸರಿನ ಡಿರೇಲರನ್ನು ತಯಾರಿಸಿ ಮಾರಾಟಕ್ಕೆ ತಂದನು.

ಇದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಇನ್ನೊಂದು ದಾರಿ ತೆರೆದಿದ್ದಿತು. ಅಲ್ಲಿ ಹೆನ್ರಿ ಸ್ಟರ್ಮಿ ಎಂಬವನಿದ್ದನು. ಆತನೂ ಸೈಕಲ್ ಪತ್ರಿಕೆಯ ಸಂಪಾದಕ. ಅದಕ್ಕೆ ಮೊದಲು ಶಾಲೆಯ ಉಪಾಧ್ಯಾಯ. ಆತನ ಹೆಸರನ್ನೂ ಜೇಮ್ಸ್ ಆರ್ಚರನ ಹೆಸರನ್ನೂ ಕೂಡಿಸಿಕೊಂಡು, 1902ರ ವೇಳೆಗೆ ನಾಟಿಂಗ್‌ಹ್ಯಾಮಿನಲ್ಲಿ ಸ್ಟರ್ಮಿ-ಆರ್ಚರ್ ಎಂಬ ಮೂರು ಗೇರಿನ ಸಾಧನವು ಹೊರಬಿದ್ದಿತು. ಆರ್ಚರನ ಹೆಸರಿನ ಹಿಂದೆ ಒಂದು ಕರುಣಕಥೆಯೂ ಇದೆ. ಆ ಸಾಧನವನ್ನು ಕಲ್ಪಿಸಿದವನು ವಿಲಿಯಂ ರೈಲಿ. ಹಿಂದಿನ ಕಂಪನಿಯೊಂದಕ್ಕೆ ತನ್ನ ಹಕ್ಕುಗಳನ್ನು ಬರೆದುಕೊಟ್ಟಿದ್ದುದರಿಂದ, ಸಹೋದ್ಯೋಗಿಯ ಹೆಸರಿನಲ್ಲಿ ಪೇಟೆಂಟು ಪಡೆಯಬೇಕಾಯಿತೆಂದು ಸಂಶೋಧಕರು ತೋರಿಸಿದ್ದಾರೆ. ಲೋಕವೆಲ್ಲ ಆರ್ಚರನನ್ನು ನೆನೆಯಿತು, ರೈಲಿಯನ್ನು ಮರೆಯಿತು.

ಈ ಸಾಧನದಲ್ಲಿ ಹಲ್ಲುಚಕ್ರಗಳು ಹೊರಗೆ ಕಾಣುವುದಿಲ್ಲ. ಹಿಂಚಕ್ರದ ನಾಭಿಯೊಳಗೆ, ಎಣ್ಣೆಯಲ್ಲಿ ಅದ್ದಿಕೊಂಡು, ನಡುವೆ ಒಂದು ಹಲ್ಲುಚಕ್ರ. ಅದರ ಸುತ್ತ ಚಿಕ್ಕವು ಕೆಲವು. ನಡುವಿನದನ್ನು ಸೂರ್ಯನೆಂದೂ ಸುತ್ತಲಿನವನ್ನು ಗ್ರಹಗಳೆಂದೂ ಕರೆಯುತ್ತಾರೆ. ಮಳೆ, ಧೂಳು, ಕೆಸರು ಯಾವುವೂ ಅವನ್ನು ಮುಟ್ಟಲಾರವು. ಇಂದಿನ ಗೇರ್‌ಬಾಕ್ಸಿನ ಮನೆತನಕ್ಕೆ ಹಿರಿಯನು ಇದೇ. ಆದರೆ ಬೆಟ್ಟದವರಿಗೆ ಇದರಿಂದ ತೃಪ್ತಿಯಾಗದುದಕ್ಕೆ ಕಾರಣವಿದ್ದಿತು. ಇಂಥ ಮೂರು ಗೇರುಗಳ ನಾಭಿಯಲ್ಲಿ ದೊಡ್ಡ ಗೇರಿಗೂ ಚಿಕ್ಕ ಗೇರಿಗೂ ಇರುವ ಅಂತರ ಸಾಮಾನ್ಯವಾಗಿ ಎರಡರಷ್ಟನ್ನೂ ಮುಟ್ಟುವುದಿಲ್ಲ. ಇಂಗ್ಲೆಂಡಿನ ಸಣ್ಣ ದಿಣ್ಣೆಗಳಿಗೆ ಅಷ್ಟು ಸಾಕು; ಆಲ್ಪ್ಸ್ ಪರ್ವತದ ಮೇಲೆ ಹಗಲೆಲ್ಲ ಏರುವವನಿಗೆ ಸಾಲದು. ಅಲ್ಲದೆ ಹಲ್ಲು ಹಲ್ಲನ್ನು ಉಜ್ಜುವ ಕಡೆಯಲ್ಲೆಲ್ಲ ಕಾಲಿನ ಶಕ್ತಿಯ ಒಂದು ಪಾಲು ಸೋರಿಹೋಗುತ್ತದೆ. ನೇರವಾಗಿ ಓಡುವ ಶುಚಿಯಾದ ಚೈನಿನಲ್ಲಿ ಆ ಸೋರಿಕೆ ಬಹಳ ಕಡಿಮೆ. ಹೀಗೆ ಸೇಂತ್-ಎತಿಯೆನ್ ಹೊರಗಿನ ಗೇರನ್ನೂ ನಾಟಿಂಗ್‌ಹ್ಯಾಮ್ ಒಳಗಿನ ಗೇರನ್ನೂ ಬೆಳೆಸಿದವು. ವೆಲೋಸಿಯೋವಿನ ಹಿರಿಮೆಯೆಂದರೆ, ಯಾವ ಒಂದು ಯಂತ್ರಕ್ಕೂ ಆತನು ತನ್ನನ್ನು ಮಾರಿಕೊಳ್ಳಲಿಲ್ಲ. ಗೇರು ಹೊರಗಿರಲಿ, ಒಳಗಿರಲಿ, ಒಂದಕ್ಕಿಂತ ಹೆಚ್ಚು ಇರಬೇಕೆಂಬುದೇ ಆತನ ಮತ. ಸ್ಟರ್ಮಿಯೂ ವೆಲೋಸಿಯೋವೂ ತೀರಿಕೊಂಡುದು 1930ನೆಯ ಇಸವಿಯ ಮೊದಲೆರಡು ತಿಂಗಳುಗಳಲ್ಲಿ.

ಆ ಮತಕ್ಕೆ ಎದುರಾಳಿಯಾಗಿ ನಿಂತವನು ಸಾಮಾನ್ಯನಲ್ಲ. ಆನ್ರಿ ದೆಗ್ರಾಂಜ್ 1893ರಲ್ಲಿ ಒಂದು ಗಂಟೆಯಲ್ಲಿ 35.325 ಕಿಲೋಮೀಟರ್ ಸಾಗಿ ದಾಖಲೆ ಸ್ಥಾಪಿಸಿದ ಸವಾರ. ಮುಂದೆ ಕ್ರೀಡಾಪತ್ರಿಕೆಯ ಸಂಪಾದಕ. 1903ರಲ್ಲಿ ಟೂರ್ ದ ಫ್ರಾನ್ಸ್ ಪಂದ್ಯವನ್ನು ಹುಟ್ಟುಹಾಕಿ ನಡೆಸಿದವನು. 1902ರಲ್ಲಿ ಫ್ರಾನ್ಸಿನ ಟೂರಿಂಗ್ ಕ್ಲಬ್ಬು ಪರ್ವತದ ದಾರಿಯಲ್ಲಿ ಪ್ರವಾಸದ ಸೈಕಲುಗಳ ಪರೀಕ್ಷೆಯೊಂದನ್ನು ಏರ್ಪಡಿಸಿದ್ದಿತು. ಅದರಲ್ಲಿ ಮಾರ್ತ್ ಎಸ್ ಎಂಬ ಮಹಿಳೆಯು ಹಲವು ಗೇರುಗಳ ಗಾಡಿಯನ್ನೇರಿ, ಕಾಲನ್ನು ನೆಲಕ್ಕಿಡದೆ ಏರುಗಳನ್ನು ದಾಟಿದಳು. ಪ್ರಮಾಣ ಇದಕ್ಕಿಂತ ಬೇಕೇ? ದೆಗ್ರಾಂಜನು ಮೆಚ್ಚಿದನು, ಒಪ್ಪಲಿಲ್ಲ. ಇಂಥ ಗೇರುಗಳು ನಲವತ್ತೈದು ದಾಟಿದವರಿಗೆ ಮಾತ್ರ ತಕ್ಕುವೆಂದೂ, ಯಂತ್ರದ ಕುಶಲತೆಯಿಂದ ಗೆಲ್ಲುವುದಕ್ಕಿಂತ ಸ್ನಾಯುಬಲದಿಂದ ಗೆಲ್ಲುವುದೇ ಮೇಲೆಂದೂ, ತಮ್ಮ ಜನ ಮೆತ್ತಗಾಗುತ್ತಿದ್ದಾರೆಂದೂ, ತನಗಂತೂ ಒಂದೇ ಗೇರು ಸಾಕೆಂದೂ ಆತನು ಬರೆದನು. ಆ ವರ್ಷ ವೆಲೋಸಿಯೋವಿನ ವಯಸ್ಸು ನಲವತ್ತೊಂಬತ್ತು. ಏಟು ಗುರಿಗೇ ತಾಗಿರಬೇಕು. ನಲವತ್ತೈದರ ಆಚೀಚೆ ಇರುವ ನನ್ನಂಥವನಿಗೂ ಅದು ಸ್ವಲ್ಪ ತಾಗುತ್ತದೆ.

ದೆಗ್ರಾಂಜನನ್ನು ಮೂರ್ಖನೆಂದು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ. ಪಂದ್ಯವೆಂಬುದು ಮನುಷ್ಯ ಮನುಷ್ಯನ ನಡುವಿನದು. ಅಲ್ಲಿ ಕಾರ್ಖಾನೆಗಳು ಸೆಣಸಬಾರದು, ಎಲ್ಲರ ಯಂತ್ರವೂ ಒಂದೇ ಬಗೆಯದಾಗಿರಬೇಕು ಎಂಬ ವಾದದಲ್ಲಿ ತಿರುಳಿಲ್ಲದೆ ಇಲ್ಲ. ಆದರೆ ಆತನು ಕೇಳಿದ ಪ್ರಶ್ನೆಯೇ ಬೇರೆ, ವೆಲೋಸಿಯೋ ಕೇಳಿದ ಪ್ರಶ್ನೆಯೇ ಬೇರೆ. ಬೆಟ್ಟವನ್ನು ಎಲ್ಲರಿಗಿಂತ ಮೊದಲು ಏರುವವನು ಯಾರು ಎಂಬುದು ಒಬ್ಬನದು. ಬೆಟ್ಟವನ್ನು ಎಷ್ಟು ಜನ ಏರಬಹುದು ಎಂಬುದು ಇನ್ನೊಬ್ಬನದು. ಎರಡನೆಯ ಪ್ರಶ್ನೆಯ ಸವಾರರಲ್ಲಿ ವೃದ್ಧರಿದ್ದರು, ಹೆಂಗಸರಿದ್ದರು, ವಾರವೆಲ್ಲ ಲೆಕ್ಕದ ಪುಸ್ತಕದ ಮುಂದೆ ಕುಳಿತು ಭಾನುವಾರ ಮಾತ್ರ ಬಯಲಿಗೆ ಬರುವ ಗುಮಾಸ್ತರಿದ್ದರು. ಅವರ ಕಾಲಿಗೆ ಚಾಂಪಿಯನ್ನನ ಗೇರನ್ನು ಕಟ್ಟಿ, ಏರಲಾರದಿದ್ದರೆ ಅದು ನಿಮ್ಮ ದೌರ್ಬಲ್ಯವೆನ್ನುವುದನ್ನು ಆತನು ಸಹಿಸಲಾರನಾದನು. ಪತ್ರಿಕೆಯಲ್ಲಿ ವರ್ಷ ವರ್ಷವೂ ಆತನು ಬರೆದ ಲೆಕ್ಕಾಚಾರಗಳೆಲ್ಲದರ ಹಿಂದೆ ಇರುವುದು ಈ ಅಸಹನೆಯೇ.

1903ರ ಮೊದಲ ಟೂರ್ ದ ಫ್ರಾನ್ಸ್ ಪಂದ್ಯದ ಎರಡನೆಯ ಹಂತವು ಲಿಯೋನಿನಿಂದ ಮಾರ್ಸೇಗೆ ಹೋದುದು ವೆಲೋಸಿಯೋವಿನ ಆ ಕಣಿವೆಬಾಯಿಯ ಮೂಲಕವೇ. ಅಂದಿನಿಂದ ಮೂವತ್ತಕ್ಕೂ ಹೆಚ್ಚು ವರ್ಷ ಆ ಪಂದ್ಯದ ವೀರರು ಡಿರೇಲರಿನ ಸಹಾಯವಿಲ್ಲದೆ ಪರ್ವತಗಳನ್ನು ಏರಿದರು. ಹಿಂಚಕ್ರದ ಎರಡು ಬದಿಗೂ ಬೇರೆ ಬೇರೆ ಅಳತೆಯ ಹಲ್ಲುಚಕ್ರಗಳನ್ನಿಟ್ಟುಕೊಂಡು, ಬೆಟ್ಟದ ಬುಡದಲ್ಲಿ ಇಳಿದು, ಚಕ್ರವನ್ನೇ ಬಿಚ್ಚಿ ತಿರುಗಿಸಿ ಹಾಕಿಕೊಳ್ಳುತ್ತಿದ್ದರು. ಚಳಿಯಲ್ಲಿ ಮರಗಟ್ಟಿದ ಬೆರಳುಗಳಿಂದ ತಿರುಪು ಬಿಚ್ಚುವ ಆ ಕಷ್ಟವನ್ನು ಊಹಿಸಿಕೊಳ್ಳಬಹುದು. ಡಿರೇಲರಿಗೆ ಅಲ್ಲಿ ಪ್ರವೇಶ ದೊರೆತುದು 1937ರಲ್ಲಿ. ಅಷ್ಟು ಹೊತ್ತಿಗೆ ವೆಲೋಸಿಯೋ ಇಲ್ಲವಾಗಿ ಏಳು ವರ್ಷಗಳಾಗಿದ್ದವು.

ಆತನ ನಿತ್ಯಜೀವನ ಬಲು ಸರಳವಾದುದು. ಮಾಂಸವನ್ನು ಬಿಟ್ಟಿದ್ದನು. ಭಾಷೆ ಭಾಷೆಗಳ ಗೋಡೆ ಬೀಳಬೇಕೆಂಬ ಆಸೆಯಿಂದ ಎಸ್ಪೆರಾಂತೋ ಭಾಷೆಯನ್ನು ಕಲಿತು ಪ್ರಚಾರ ಮಾಡುತ್ತಿದ್ದನು. ರಾತ್ರಿಯಲ್ಲೇ ಹೊರಟು, ಗೆಳೆಯರ ಗುಂಪಿನೊಡನೆ ರೋನ್ ನದಿಯ ಕಣಿವೆಯಲ್ಲಿ ಇಳಿದು, ಈಸ್ಟರ್ ಹಬ್ಬದ ಹೊತ್ತಿಗೆ ತನ್ನ ಹುಟ್ಟುಸೀಮೆ ಪ್ರೊವಾನ್ಸಿನಲ್ಲಿರುವುದು ಆತನಿಗೆ ಪ್ರಿಯವಾದ ಯಾತ್ರೆ. ಅವನ ಸುತ್ತ ನೆರೆದ ಸವಾರರಿಗೆ ಸೇಂತ್-ಎತಿಯೆನ್ನಿನ ಪಂಥದವರೆಂದೇ ಹೆಸರಾಯಿತು. ಅವರಿಗಾಗಿ ಏಳು ನಿಯಮಗಳನ್ನು ಬರೆದುಕೊಟ್ಟನು. ಹಸಿವಾಗುವ ಮೊದಲೇ ಉಣ್ಣಬೇಕು, ಬಾಯಾರುವ ಮೊದಲೇ ಕುಡಿಯಬೇಕು. ಚಳಿಯಾಗುವ ಮೊದಲೇ ಹೊದೆಯಬೇಕು. ಮರುದಿನ ಊಟ ನಿದ್ದೆಗಳು ಬೇಡವೆನಿಸುವಷ್ಟು ದಣಿಯಬಾರದು. ತೋರಿಕೆಗಾಗಿ ಎಂದೂ ತುಳಿಯಬಾರದು. ಉಳಿದುವೂ ಇದೇ ಬಗೆಯವು. ಓದಿದವರಿಗೆ ಆಯುರ್ವೇದದ ದಿನಚರಿಯ ನೆನಪಾದರೆ ಆಶ್ಚರ್ಯವಿಲ್ಲ. ಕೊನೆಯ ನಿಯಮದಲ್ಲಿ ದೆಗ್ರಾಂಜನಿಗೆ ಕೊಟ್ಟ ಉತ್ತರವೂ ಅಡಗಿದೆಯೆಂದು ನನಗೆ ತೋರುತ್ತದೆ.

1922ರಿಂದ ಸೇಂತ್-ಎತಿಯೆನ್ನಿನ ಸವಾರರು ವರ್ಷಕ್ಕೊಂದು ದಿನ ಆತನ ಗೌರವಾರ್ಥವಾಗಿ ಹೆಗ್ಗಾಡಿನ ಕಣಿವೆಬಾಯಿಗೆ ಏರತೊಡಗಿದರು. ಅದು ವೆಲೋಸಿಯೋ ದಿನ. ಬದುಕಿರುವಾಗಲೇ ತನ್ನ ಹೆಸರಿನ ಉತ್ಸವವನ್ನು ಕಾಣುವ ಭಾಗ್ಯ ಎಷ್ಟು ಜನ ಸಂಪಾದಕರಿಗಿದೆ? ಎಪ್ಪತ್ತರ ಮುದುಕನು ಅದರಲ್ಲಿ ತಾನೂ ತುಳಿಯುತ್ತ ಹೋಗುತ್ತಿದ್ದನು.

1930ರ ಫೆಬ್ರವರಿ 27. ಅಂದು ಮುಂಜಾನೆ ಆತನು ರೋಮಿನ ತತ್ತ್ವಜ್ಞಾನಿ ಸೆನೆಕನು ಗೆಳೆಯನಿಗೆ ಬರೆದ ಪತ್ರಗಳಲ್ಲಿ ಸಾವನ್ನು ಕುರಿತ ಒಂದನ್ನು ಓದಿದನೆಂದು ಹೇಳುತ್ತಾರೆ. ಆಮೇಲೆ ಸೈಕಲ್ಲನ್ನು ಹಿಡಿದುಕೊಂಡು ಹೊರಟವನು, ಬೀದಿಯಲ್ಲಿ ಅದನ್ನು ನಡೆಸಿಕೊಂಡು ಹೋಗುತ್ತಿದ್ದಾಗ, ವಾಹನವೊಂದನ್ನು ತಪ್ಪಿಸಿಕೊಳ್ಳಲೆಂದು ಹಿಂದೆ ಸರಿದನು, ಟ್ರಾಮು ಬಡಿಯಿತು. ಬೆಟ್ಟಗಳ ಇಳಿಜಾರುಗಳಲ್ಲಿ ಸಾವಿರಾರು ಮೈಲಿ ಇಳಿದು ಬಂದವನನ್ನು ಕೊಂದುದು ಊರಿನ ಬೀದಿ. ಎಪ್ಪತ್ತೇಳು ವರ್ಷ ತುಂಬುವುದಕ್ಕೆ ಎರಡು ತಿಂಗಳು ಉಳಿದಿದ್ದವು.

ಆತನ ತರುವಾಯ ಡಿರೇಲರ್ ಲೋಕವನ್ನು ಗೆದ್ದಿತು. ಮುಚ್ಚಿದ ಪೆಟ್ಟಿಗೆಯ ಕಲ್ಪನೆಯೂ ಸಾಯಲಿಲ್ಲ. 1930ರ ದಶಕದಲ್ಲಿ ಜರ್ಮನಿಯ ಆಡ್ಲರ್ ಕಂಪನಿಯು ಪೆಡಲಿನ ಬುಡದಲ್ಲಿ ಮೂರು ಗೇರುಗಳ ಪೆಟ್ಟಿಗೆಯನ್ನು ಕೂಡಿಸಿದ ಸೈಕಲ್ಲನ್ನು ಹೊರತಂದಿತು. ಮೌಂಟನ್ ಬೈಕುಗಳು ಬಂದಮೇಲೆ ಡಿರೇಲರಿನ ದೋಷ ಎದ್ದುಕಂಡಿತು. ನೆಲಕ್ಕೆ ಹತ್ತಿರವಾಗಿ ಜೋಲುವ ಅದನ್ನು ಕಲ್ಲು ಬಡಿಯುತ್ತದೆ, ಬಳ್ಳಿ ಸುತ್ತಿಕೊಳ್ಳುತ್ತದೆ, ಕೆಸರು ಕಚ್ಚುತ್ತದೆ. ಚೈನಿನ ಶುಚಿತ್ವವೇ ಇಲ್ಲದ ಮೇಲೆ ಅದರ ಲಾಭವೂ ಕರಗುತ್ತದೆ. 1998ರಲ್ಲಿ ಜರ್ಮನಿಯ ರೋಲಾಫ್ ಕಂಪನಿಯು ನಾಭಿಯೊಳಗೆ 14 ಗೇರುಗಳನ್ನು ಅಡಗಿಸಿತು. ಚಿಕ್ಕದಕ್ಕೆ ದೊಡ್ಡದು ಐದರಷ್ಟಕ್ಕಿಂತ ಹೆಚ್ಚು. 2004ರಲ್ಲಿ ಹೋಂಡಾ ಕಂಪನಿಯು ಇಳಿಜಾರಿನ ಪಂದ್ಯಗಳಿಗೆ ಪೆಟ್ಟಿಗೆಯ ಗಾಡಿಯೊಂದನ್ನು ಇಳಿಸಿತು. ಒಳಗೇನಿದೆಯೆಂದು ಬಹುಕಾಲ ಕುತೂಹಲವಿದ್ದಿತು. ಇದ್ದುದು ಚೈನೂ ಹಲ್ಲುಚಕ್ರಗಳೂ, ಡಿರೇಲರಿನ ತತ್ತ್ವವೇ! ಪೋರ್ಷೆ ಮೋಟಾರು ಕಂಪನಿಯಲ್ಲಿದ್ದ ಇಬ್ಬರು ಇಂಜಿನಿಯರುಗಳು 2008ರಲ್ಲಿ ಪಿನಿಯನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಪೆಡಲಿನ ಬುಡಕ್ಕೆ 18 ಗೇರುಗಳ ಪೆಟ್ಟಿಗೆಯನ್ನು ತಯಾರಿಸಿದರು. ಅದರ ವ್ಯಾಪ್ತಿ ಆರರಷ್ಟಕ್ಕೂ ಹೆಚ್ಚು. ಭಾರವು ಗಾಡಿಯ ನಡುವಿಗೆ ಬರುತ್ತದೆ, ಹಿಂಚಕ್ರ ಹಗುರವಾಗುತ್ತದೆ, ನಿಂತಲ್ಲಿಯೇ ಗೇರು ಬದಲಾಯಿಸಬಹುದು. ಆದರೆ ಪೆಟ್ಟಿಗೆಗೆ ಒಪ್ಪುವ ಚೌಕಟ್ಟನ್ನೇ ಬೇರೆಯಾಗಿ ಕಟ್ಟಬೇಕು; ತೂಕ ಹೆಚ್ಚು, ಬೆಲೆ ಹೆಚ್ಚು, ಹಲ್ಲುಗಳ ನಡುವೆ ಸೋರುವ ಶಕ್ತಿಯೂ ತುಸು ಹೆಚ್ಚು. ಪಂದ್ಯದವರು ಇಂದಿಗೂ ಹೆಚ್ಚಾಗಿ ಡಿರೇಲರನ್ನೇ ಹಿಡಿದಿದ್ದಾರೆ. ದೂರದೇಶದ ಯಾತ್ರಿಕರೂ ಕೆಸರಿನ ದಾರಿಯವರೂ ಪೆಟ್ಟಿಗೆಯತ್ತ ಒಲಿಯುತ್ತಾರೆ.

ವೆಲೋಸಿಯೋ ಇದ್ದಿದ್ದರೆ ಯಾವ ಪಕ್ಷವನ್ನು ಹಿಡಿಯುತ್ತಿದ್ದನು? ಎರಡನ್ನೂ ತರಿಸಿಕೊಂಡು, ಒಂದನ್ನು ಈ ವಾರ, ಇನ್ನೊಂದನ್ನು ಮುಂದಿನ ವಾರ ಬೆಟ್ಟಕ್ಕೆ ಒಯ್ದು, ಹಲ್ಲುಗಳನ್ನೂ ಮೀಟರುಗಳನ್ನೂ ಎಣಿಸಿ, ಪತ್ರಿಕೆಯ ನಾಲ್ಕು ಪುಟ ತುಂಬಿಸುತ್ತಿದ್ದನೆಂದೇ ನನ್ನ ಊಹೆ. ಕೋಲ್ ದ ಲಾ ರಿಪಬ್ಲಿಕ್‌ನ ನೆತ್ತಿಯಲ್ಲಿ ಇಂದು ಆತನ ಸ್ಮಾರಕಶಿಲೆಯಿದೆ. ಚಿಲುಮೆಯವನು ಅವನನ್ನು ಹಿಂದೆ ಹಾಕಿದ ದಾರಿಯೇ ಅದು. ಏರಿ ಬಂದವರು ಅಲ್ಲಿ ಗಾಡಿಯನ್ನು ಮರಕ್ಕೆ ಒರಗಿಸಿ, ನೀರು ಕುಡಿದು, ಗೇರು ಬದಲಾಯಿಸಿಕೊಂಡು ಇಳಿಯುತ್ತಾರೆ.